ಫಿಲ್ಮಿನ ಹೆಸರೂ ಹುಟ್ಟೂ

ನಾನು ಚಿತ್ರ ತೆಗೆಯುವುದನ್ನು ಕಲಿತುದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ‘ಇಂದು’ ಎಂಬ ಫಿಲ್ಮಿನ ಮೇಲೆ. ಆಗ ಪಾಠಶಾಲೆಯಲ್ಲಿ ತರ್ಕವನ್ನು ಓದುತ್ತಿದ್ದೆನು. ಅಕ್ಕನು ಮನೆಯ ಖರ್ಚಿನಲ್ಲಿ ಉಳಿಸಿದ ದುಡ್ಡಿನಿಂದ ನನಗೊಂದು ಆಗ್ಫಾ ಕ್ಲಿಕ್ 3 ಕ್ಯಾಮರಾವನ್ನು ಕೊಡಿಸಿದ್ದಳು. ಅದಕ್ಕೆ ಹಾಕುತ್ತಿದ್ದ ಹನ್ನೆರಡು ಚಿತ್ರಗಳ ರೋಲು ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದು. ಬೆಳ್ಳಿಯ ಲೇಪಕ್ಕೆ ಚಂದ್ರನ ಹೆಸರನ್ನಿಟ್ಟವರು ಯಾರೋ ರಸಿಕರೇ ಆಗಿರಬೇಕೆಂದು ನಾನು ಸಂತೋಷಪಟ್ಟುದುಂಟು. ಹೆಸರು ಹೀಗೆ ಸಂಸ್ಕೃತವಾದರೂ ವಿದ್ಯೆ ಬಂದುದು ಫ್ರಾನ್ಸಿನಿಂದ. 1960ರಲ್ಲಿ ಸ್ಥಾಪಿತವಾದ ಆ ಸರ್ಕಾರಿ ಸಂಸ್ಥೆಯು ಬೋಶೆ ಎಂಬ ಫ್ರೆಂಚ್ ಸಂಸ್ಥೆಯ ಸಹಕಾರವನ್ನು ಪಡೆದು 1967ರಲ್ಲಿ ತಯಾರಿಕೆಗೆ ತೊಡಗಿತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಹೆಸರೊಂದು, ಹುಟ್ಟೊಂದು ಎಂಬ ಪಾಠದ ಮೊದಲ ಅಕ್ಷರವು ಅಂದೇ ನನ್ನ ಕೈಯಲ್ಲಿದ್ದಿತು. ಅದನ್ನು ಓದಿಕೊಳ್ಳಲು ನನಗೆ ನಲವತ್ತೈದು ವರ್ಷಗಳು ಹಿಡಿದುವು. ಅದಕ್ಕೆ ತೆತ್ತ ಬೆಲೆ ಅಕ್ಕನದೊಂದು ಚಿತ್ರ.

ಅಕ್ಕನಿಗೆ ಎಂಬತ್ತು ತುಂಬಿದ ದಿನ ಅದು. ಅವಳು ಸುಲಭವಾಗಿ ಕ್ಯಾಮರಾದ ಮುಂದೆ ಕೂಡುವವಳಲ್ಲ. ಬಹಳ ಬೇಡಿದ ಮೇಲೆ, “ಎರಡೇ ಕಣೋ, ಮೂರನೇದಕ್ಕೆ ಕೂರೋಲ್ಲ” ಎಂದು ಹೇಳಿ ಜಗಲಿಗೆ ಬಂದು ಕುಳಿತಳು. ನಾನು ಅಂಗಳದ ಬಿಸಿಲಿನಲ್ಲಿಯೇ ನಿಂತು ಹೊಸ ರೋಲನ್ನು ಕ್ಯಾಮರಾಕ್ಕೆ ಹಾಕಿದೆನು. ಆ ರೋಲಿನ ಹೆಸರು ಹೊಸದು. ನಾನು ಬಹುಕಾಲ ಬಳಸಿದ್ದ ಫಿಲ್ಮೊಂದೇ ಹೆಸರನ್ನು ಬದಲಿಸಿಕೊಂಡು ಬಂದಿದೆಯೆಂದು ಪರಿಚಿತರೊಬ್ಬರು ಹೇಳಿದ್ದರು. ವೇಗವನ್ನು ಸೂಚಿಸುವ ಅಂಕೆಯೂ ಅದೇ ಆಗಿದ್ದಿತು. ಅಷ್ಟನ್ನೇ ನಂಬಿದೆನು. ತೊಳೆದು ನೋಡಿದರೆ ಮೊದಲ ನಾಲ್ಕು ನೆಗೆಟಿವುಗಳ ಮೇಲೆ ಕಪ್ಪು ಮಂಜು ಕವಿದಿದ್ದಿತು. ಅಕ್ಕನು ಕುಳಿತುದು ಮೊದಲ ಎರಡರಲ್ಲಿ. ಸಿಟ್ಟಿನಿಂದ ಫಿಲ್ಮಿನ ತುದಿಯನ್ನು ಹರಿಯಹೋದೆನು, ಅದು ಹರಿಯಲಿಲ್ಲ. ಆಗ ವಿಷಯ ತಿಳಿಯಿತು.

ನನ್ನ ಹಳೆಯ ಫಿಲ್ಮಿನ ಹಾಳೆ ಟ್ರೈಅಸಿಟೇಟಿನದು, ಕೈಯಿಂದ ಹರಿಯಬಹುದು. ಇದು ಪಾಲಿಯೆಸ್ಟರು, ಕತ್ತರಿಯೇ ಬೇಕು. ತಿಳಿಯಾದ ಪಾಲಿಯೆಸ್ಟರು ಗಾಜಿನ ಕಡ್ಡಿಯಂತೆ ಬೆಳಕನ್ನು ತನ್ನ ಮೈಯೊಳಗೇ ಹರಿಯಗೊಟ್ಟು, ಹೊರಕ್ಕೆ ಚಾಚಿದ ತುದಿಯಿಂದ ಡಬ್ಬಿಯ ಒಳಸುತ್ತುಗಳವರೆಗೆ ಸಾಗಿಸುವುದು. ಇಂಥದನ್ನು ನೆರಳಿನಲ್ಲಿಯೇ ಹಾಕಬೇಕು. ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಹಾಗೆಂದು ಮುದ್ರಿಸಿಯೂ ಇದ್ದರು. ಓದದೆ ಹೋದವನು ನಾನು; ತಪ್ಪು ಮಾರಿದವರದಲ್ಲ.

ಫಿಲ್ಮಿನ ಪ್ರಾಣವೆಲ್ಲ ಅದರ ಲೇಪದಲ್ಲಿದೆ. ಬೆಳ್ಳಿಯ ಲವಣಗಳ ಅತಿ ಸೂಕ್ಷ್ಮವಾದ ಹರಳುಗಳನ್ನು ಜೆಲಟಿನ್ ಎಂಬ ಅಂಟಿನಲ್ಲಿ ಬೆರಸಿ (ಈ ಅಂಟು ಎಲುಬು ತೊಗಲುಗಳಿಂದ ಬರುವುದೆಂಬ ಸಂಗತಿಯನ್ನು ಪಾಠಶಾಲೆಯ ದಿನಗಳಲ್ಲಿ ನಾನು ಯಾರಿಗೂ ಹೇಳಲಿಲ್ಲ), ಒಂದು ಮೀಟರಿಗೂ ಮಿಗಿಲಾದ ಅಗಲದ ಹಾಳೆಯ ಮೇಲೆ ಕತ್ತಲೆಯಲ್ಲಿ ಸಮನಾಗಿ ಹರಡುವರು. ಇದನ್ನು ಮಾಡಬಲ್ಲ ಕಾರ್ಖಾನೆಗಳು ಲೋಕದಲ್ಲಿ ಕೆಲವೇ: ಅಮೆರಿಕದ ರಾಚೆಸ್ಟರಿನಲ್ಲಿ ಕೊಡಾಕ್, ಇಂಗ್ಲೆಂಡಿನ ಮಾಬರ್ಲಿಯಲ್ಲಿ ಇಲ್ಫರ್ಡ್ ಮತ್ತು ಕೆಂಟ್‌ಮಿಯರ್ ಫಿಲ್ಮುಗಳನ್ನು ತಯಾರಿಸುವ ಹಾರ್ಮನ್, ಜೆಕ್ ದೇಶದಲ್ಲಿ ಫೋಮಾ, ಬೆಲ್ಜಿಯಮ್ಮಿನಲ್ಲಿ ಆಗ್ಫಾ-ಗೆವರ್ಟ್ ಮೊದಲಾದವು. ಪೆಟ್ಟಿಗೆಗಳ ಮೇಲಿನ ಹೆಸರುಗಳಾದರೋ ಹಲವು ಹತ್ತು. ಲೇಪವಾದ ಹಾಳೆಯನ್ನು ಕೊಂಡು, ಸೀಳಿ, ತೂತು ಹೊಡೆದು, ಸುತ್ತಿ, ತಮ್ಮ ಹೆಸರಿನಿಂದ ಮಾರುವುದು ನ್ಯಾಯವಾದ ವ್ಯಾಪಾರವೇ ಸರಿ. ಆದರೆ ತೊಳೆಯುವವನಿಗೆ ಹೆಸರಿನಿಂದ ಪ್ರಯೋಜನವಿಲ್ಲ. ಡೆವಲಪರಿನಲ್ಲಿ ಎಷ್ಟು ನಿಮಿಷ ಇಡಬೇಕೆಂಬುದನ್ನು ನಿರ್ಣಯಿಸುವುದು ಲೇಪ.

ಮೂಲವನ್ನು ಗುರುತಿಸುವುದು ಹೇಗೆ? ಪಾಠಶಾಲೆಯಲ್ಲಿ ಕಲಿತ ಪ್ರಮಾಣಗಳೇ ಇಲ್ಲಿಯೂ ನೆರವಿಗೆ ಬಂದುವು. ಮೊದಲನೆಯದು ಆಪ್ತವಾಕ್ಯ. ಕೆಲವರು ತಾವೇ ಹೇಳಿಬಿಡುವರು: ಸಿನಿಸ್ಟಿಲ್ ಸಂಸ್ಥೆಯ ಕಪ್ಪು-ಬಿಳುಪು ಫಿಲ್ಮು, ಕೊಡಾಕ್ ಸಂಸ್ಥೆಯು 1959ರಲ್ಲಿ ಚಲಚ್ಚಿತ್ರಗಳಿಗಾಗಿ ಹೊರತಂದ ಡಬಲ್-ಎಕ್ಸ್ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಕೆಲವೆಡೆ ದೇಶದ ಹೆಸರೇ ಮಾತನಾಡುವುದು. ಲಾಸ್ ಏಂಜಲೀಸಿನ ಫ್ರೀಸ್ಟೈಲ್ ಅಂಗಡಿಯವರು ಮಾರುವ ಅರಿಸ್ಟಾ ಇಡಿಯು ಅಲ್ಟ್ರಾ ಜೆಕ್ ದೇಶದಲ್ಲಿ ತಯಾರಾದುದು. ಆ ದೇಶದ ಫಿಲ್ಮೆಂದರೆ 1921ರಿಂದ ಹ್ರಾಡೆಟ್ಸ್ ಕ್ರಾಲೊವೆ ಪಟ್ಟಣದಲ್ಲಿರುವ ಫೋಮಾ.

ಎರಡನೆಯದು ಪ್ರತ್ಯಕ್ಷ. ಹಾಳೆ ಹರಿಯುವುದೋ ಇಲ್ಲವೋ ನೋಡಬೇಕು. ತೊಳೆದ ಮೇಲೆ ಅಂಚಿನಲ್ಲಿ ಮೂಡುವ ಅಕ್ಷರಗಳನ್ನು ನೋಡಬೇಕು; ಇವು ಕಾರ್ಖಾನೆಯಲ್ಲಿಯೇ ಬೆಳಕಿನಿಂದ ಬರೆದವು. ಹೆಸರು ಇಲ್ಲದಿದ್ದರೂ ಅಂಕೆಗಳ ವಿನ್ಯಾಸವು ಕೆಲವೊಮ್ಮೆ ಮನೆತನವನ್ನು ಹೇಳಿಬಿಡುವುದು. ನೆನೆಸಿದ ನೀರಿನ ಬಣ್ಣವನ್ನೂ ನೋಡಬೇಕು. ಫೋಮಾಪಾನ್ 100ರ ಅಗಲವಾದ ರೋಲನ್ನು ಮೊದಲು ನೀರಿನಲ್ಲಿ ನೆನೆಸಿದರೆ ನೀರು ಹಸುರಾಗಿ ಹೊರಬರುವುದು. ಕೊಡಾಕಿನ ಟಿ-ಮ್ಯಾಕ್ಸ್ ಫಿಲ್ಮಿನ ಮೇಲೆ ಸಾಕಷ್ಟು ತೊಳೆಯದಿದ್ದರೆ ನಸುಗೆಂಪು ಛಾಯೆ ಉಳಿಯುವುದು.

ಮೂರನೆಯದು ಅನುಮಾನ. ಬಗೆಬಗೆಯ ಡೆವಲಪರುಗಳಲ್ಲಿ ಎರಡು ಫಿಲ್ಮುಗಳಿಗೆ ಹೇಳಿದ ಕಾಲಗಳು ಸಾಲುಸಾಲಾಗಿ ಒಂದೇ ಆಗಿದ್ದರೆ ಸಂಬಂಧವನ್ನು ಶಂಕಿಸಬಹುದು. ಯಾವ ಬಣ್ಣವನ್ನು ಎಷ್ಟು ಕಾಣುವುದೆಂಬುದು ಇನ್ನೂ ಬಲವಾದ ಸಾಕ್ಷ್ಯ. ವಿಮಾನದಿಂದ ಭೂಮಿಯನ್ನು ಚಿತ್ರಿಸಲೆಂದು ಆಗ್ಫಾ-ಗೆವರ್ಟಿನವರು ಮಾಡಿದ ಏವಿಫಾಟ್ ವಂಶದ ಫಿಲ್ಮುಗಳು ಕಣ್ಣಿಗೆ ಕಾಣುವ ಕೆಂಪನ್ನು ದಾಟಿ ಸುಮಾರು 750 ನ್ಯಾನೋಮೀಟರಿನವರೆಗೆ ಬೆಳಕನ್ನು ಗ್ರಹಿಸುವುವು. ಆ ವಂಶದ ರೊಲೈ ರೆಟ್ರೊ 80ಎಸ್ ರೋಲನ್ನು ಹಾಕಿ, ಗಾಢವಾದ ಕೆಂಪು ಫಿಲ್ಟರಿನ ಮೂಲಕ ಬಿಸಿಲಿನ ಮರವನ್ನು ತೆಗೆದರೆ ಎಲೆಗಳು ಬೆಳ್ಳಗೆ ಹೊಳೆಯುವುವು. ಹೆಸರನ್ನು ಬದಲಿಸಬಹುದು, ಈ ಕಣ್ಣನ್ನು ಮರೆಮಾಚಲಾಗದು.

ಆದರೆ ಮಂಜನ್ನು ಕಂಡು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸುವ ಅಪಾಯವು ಇಲ್ಲಿಯೂ ಉಂಟು. ಫ್ಯೂಜಿಫಿಲ್ಮ್ ಸಂಸ್ಥೆಯು ನಿಯೋಪಾನ್ ಆಕ್ರೋಸ್ ಫಿಲ್ಮನ್ನು 2018ರಲ್ಲಿ ನಿಲ್ಲಿಸಿ 2019ರಲ್ಲಿ ಆಕ್ರೋಸ್ 2 ಎಂಬುದನ್ನು ತಂದಾಗ, ಪೆಟ್ಟಿಗೆಯ ಮೇಲೆ ಬ್ರಿಟನ್ನಿನಲ್ಲಿ ತಯಾರಾದುದೆಂದು ಇದ್ದಿತು. ಒಡನೆಯೇ ಹಲವರು ಇದು ಇಲ್ಫರ್ಡಿನದೇ ಒಂದು ಫಿಲ್ಮು, ಅಂಗಿ ಮಾತ್ರ ಬೇರೆ ಎಂದರು. ಆದರೆ ಹಳೆಯ ಆಕ್ರೋಸಿನಂತೆ ಇದಕ್ಕೂ 120 ಸೆಕೆಂಡಿನೊಳಗೆ ಬೆಳಕಿನ ಕಾಲವನ್ನು ಹೆಚ್ಚಿಸಬೇಕಾಗಿಲ್ಲ. ಇಲ್ಫರ್ಡಿನ ಡೆಲ್ಟಾ 100ಕ್ಕಾದರೆ ಒಂದು ಸೆಕೆಂಡು ದಾಟಿದೊಡನೆ ಹೆಚ್ಚಿಸಬೇಕು. ಒಂದೇ ಅಡುಗೆಮನೆಯಿಂದ ಸಾರೂ ಬರುವುದು, ಹುಳಿಯೂ ಬರುವುದು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಜರ್ಮನಿಯ ಲೆವರ್ಕುಸೆನ್ನಿನಲ್ಲಿ ತಯಾರಾಗುತ್ತಿದ್ದ ಎಪಿಎಕ್ಸ್ 100, ಆಗ್ಫಾಫೋಟೋ ಸಂಸ್ಥೆಯು 2005ರಲ್ಲಿ ದಿವಾಳಿಯಾದುದರೊಂದಿಗೆ ಮುಗಿಯಿತು. ಅದೇ ಹೆಸರಿನಿಂದ ಬಳಿಕ ಬಂದುದರ ಲೇಪ ಬೇರೆ. ಅದು ಕೆಂಟ್‌ಮಿಯರ್ 100ರ ಬಂಧುವೆಂಬುದು ಬಳಸಿದವರ ಸಾಮಾನ್ಯ ಅಭಿಪ್ರಾಯ. ಹಳೆಯ ಹೆಸರನ್ನು ನಂಬಿ ಹಳೆಯ ನಿಮಿಷಗಳನ್ನೇ ಲೆಕ್ಕ ಹಾಕಿದರೆ ಫಲ ತಪ್ಪುವುದು.

ಈಗ ನನ್ನ ಪುಸ್ತಕದಲ್ಲಿ ಮೂರು ಅಂಕಣಗಳಿವೆ: ಪೆಟ್ಟಿಗೆಯ ಹೆಸರು, ಊಹಿಸಿದ ಮೂಲ, ಊಹೆಗೆ ಕಾರಣ. ಒಂದು ಲಕ್ಷಣ ಮಾತ್ರ ಕೂಡಿದರೆ ‘ಹೋಲುತ್ತದೆ’ ಎಂದು ಬರೆಯುವೆನು. ಮೂರು ಕೂಡಿದರೆ ‘ಅದೇ ಇರಬೇಕು’ ಎಂದು. ತಯಾರಿಸಿದವರೇ ಹೇಳಿದಲ್ಲಿ ಮಾತ್ರ ‘ಅದೇ’ ಎಂದು ಬರೆಯುವೆನು. ಹೊಸ ರೋಲಿನ ತುದಿಯನ್ನು ಮೊದಲು ಹರಿದು ನೋಡುವೆನು, ಮತ್ತು ಹರಿಯಲಿ ಬಿಡಲಿ, ನೆರಳಿನಲ್ಲಿಯೇ ಹಾಕುವೆನು.

ಅಕ್ಕನ ಎರಡನೆಯ ನೆಗೆಟಿವಿನಿಂದ ಒಂದು ಚಿತ್ರವನ್ನು ಹೇಗೋ ಮುದ್ರಿಸಿದೆನು. ಜಗಲಿಯ ಕಂಬವೂ ಅವಳ ಮುಖವೂ ಬಿಳಿಯ ಪರದೆಯ ಹಿಂದೆ ಮಾಸಿವೆ. ಮಡಿಲಲ್ಲಿಟ್ಟ ಕೈಗಳೆರಡು ಮಾತ್ರ ಸ್ಪಷ್ಟವಾಗಿವೆ. ಅದನ್ನು ತೋರಿಸಿ, ಇನ್ನೊಮ್ಮೆ ಕೂಡಬೇಕೆಂದು ಕೇಳಿದೆನು. “ಮುಂದಿನ ವರ್ಷ ನೋಡೋಣ” ಎಂದಳು. ಮಳೆಗಾಲದಲ್ಲಿ ತೀರಿಕೊಂಡಳು. ಅಂದು ಆ ಚಿತ್ರವನ್ನು ಕಿಟಕಿಯ ಬಳಿ ಹಿಡಿದು ನೋಡಿ ಅವಳು ಹೇಳಿದ್ದುದು ಇಷ್ಟೇ: “ಬಿಡೋ, ನನ್ನ ಕೈ ಅಂತ ಗೊತ್ತಾಗುತ್ತಲ್ಲ.”