ಆರೆಂಟು ಜನರ ತಂಡ, ಕೊಟ್ಟ ಮಾತು





ನಮ್ಮ ಸಿಂಗಾನಲ್ಲೂರಿನ ಕನ್ನಡ ಯುವಬಳಗದ ವಾಟ್ಸಾಪ್ ಗುಂಪಿನಲ್ಲಿ ಐವತ್ತಕ್ಕೂ ಹೆಚ್ಚು ಹೆಸರುಗಳಿವೆ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಕೂಟಕ್ಕೆ ಉಳಿಯುವವರು ಹತ್ತು ಹನ್ನೆರಡು ಜನ. ಕ್ರಿಸ್‌ಮಸ್ ಗೋದಲಿ ಕಟ್ಟುವಾಗ ಮಾತ್ರ ಮೂವತ್ತು ದಾಟುತ್ತೇವೆ. ಬಾರದವರು ದೇವರನ್ನು ಬಿಟ್ಟವರಲ್ಲ. ಒಬ್ಬರಿಗೆ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಶಿಫ್ಟ್, ಇನ್ನೊಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ, ಮತ್ತೊಬ್ಬರಿಗೆ ಮದುವೆಯಾಗಿದೆ. ಮದುವೆಯಾದ ಅಣ್ಣಂದಿರನ್ನು ಕರೆದರೆ, "ನಮಗಿನ್ನೇನು ಯೂತು? ನೀವು ನಡೆಸಿಕೊಂಡು ಹೋಗ್ರಪ್ಪ" ಅನ್ನುತ್ತಾರೆ. ನಾಳೆ ಗುರುಗಳು ವರ್ಗವಾದರೆ ಬಳಗವೂ ನಿಂತುಹೋದೀತು ಎಂಬ ಭಯ ನಮಗೆಲ್ಲ ಇದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಅಷ್ಟೆ.

ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಸ್ಕೌಟ್ ಚಳವಳಿಯ ಬಗ್ಗೆ ಓದತೊಡಗಿದೆವು. ಅದಕ್ಕೆ ಕಾರಣ ನಮ್ಮ ಬಳಗದ ಇಬ್ಬರು ಹೈಸ್ಕೂಲ್ ಮಕ್ಕಳು. 2025ರ ಜನವರಿ ಕೊನೆಯಲ್ಲಿ ತಿರುಚಿರಾಪಳ್ಳಿ ಹತ್ತಿರದ ಮಣಪ್ಪಾರೆಯಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ವಜ್ರಮಹೋತ್ಸವ ಜಾಂಬೂರಿ ನಡೆಯಿತಲ್ಲ, ಅಲ್ಲಿಗೆ ಹೋಗಿ ಬಂದರು. ಬಂದವರು ಕೂಟದಲ್ಲಿ ಕುರ್ಚಿ ಜೋಡಿಸಲು ಯಾರೂ ಹೇಳುವ ಮೊದಲೇ ಎದ್ದರು. ಯಾರು ಕಲಿಸಿದರು ಎಂದು ಕೇಳಿದೆವು. "ನಮ್ಮ ಪಟ್ರೋಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಅಣ್ಣಾ" ಎಂದರು.

ಬೆಂಗಳೂರಿನಲ್ಲಿ ಶುರುವಾದದ್ದು

ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಕರೆದುಕೊಂಡು ಮೊದಲ ಶಿಬಿರ ನಡೆಸಿದರು. ಎರಡೇ ವರ್ಷದಲ್ಲಿ, 1909ರಲ್ಲಿ, ಭಾರತದ ಮೊದಲ ಸ್ಕೌಟ್ ದಳ ನಮ್ಮ ಬೆಂಗಳೂರಿನಲ್ಲೇ ಆರಂಭವಾಯಿತು. ಕಟ್ಟಿದವರು ಕ್ಯಾಪ್ಟನ್ ಬೇಕರ್. ಆದರೆ ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳಿಗೂ ಬೇಕು ಎಂದು ಮದರಾಸಿನಲ್ಲಿ ಆನಿ ಬೆಸೆಂಟ್, ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಬೇರೆ ಬೇರೆ ಸಂಘಗಳನ್ನು ಕಟ್ಟಿದರು. ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು, ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಸಂಸ್ಥೆ ಹುಟ್ಟಿತು. ಮರುವರ್ಷ ಆಗಸ್ಟ್ 15ಕ್ಕೆ ಗರ್ಲ್ ಗೈಡ್ಸ್ ಕೂಡ ಅದರೊಳಗೆ ಸೇರಿತು. ಕರ್ನಾಟಕದಲ್ಲಿ ಇದು ಇಂದಿಗೂ ಬಲವಾಗಿದೆ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಿಮಗೆ ನೆನಪಿರಬಹುದು.

ಹಸ್ತಲಾಘವ, ಸ್ಕಾರ್ಫ್, ಮೂರು ಬೆರಳು

ಸ್ಕೌಟರು ಎಡಗೈಯಿಂದ ಕೈ ಕುಲುಕುತ್ತಾರೆ. ಎಡಗೈಯಲ್ಲಿ ಏನಾದರೂ ಕೊಟ್ಟರೆ ನಮ್ಮ ಅಜ್ಜಿಯರು ಬೈಯುತ್ತಾರೆ, ಗೊತ್ತಲ್ಲ! ಆದರೆ ಆಫ್ರಿಕದ ಅಶಾಂತಿ ಜನರ ಬಗ್ಗೆ ಸ್ಕೌಟರು ಹೇಳುವ ಕಥೆಯಲ್ಲಿ, ಎಡಗೈ ಗುರಾಣಿ ಹಿಡಿಯುವ ಕೈ. ಅದನ್ನು ಚಾಚಬೇಕಾದರೆ ಗುರಾಣಿ ಕೆಳಗಿಡಬೇಕು. ನಿನ್ನನ್ನು ನಂಬಿದ್ದೇನೆ ಎಂದು ಅದರ ಅರ್ಥ.

ವಂದನೆಗೆ ಎತ್ತುವ ಮೂರು ಬೆರಳು ಪ್ರತಿಜ್ಞೆಯ ಮೂರು ಭಾಗಗಳು: ದೇವರು ಮತ್ತು ದೇಶಕ್ಕೆ ಕರ್ತವ್ಯ, ಇತರರಿಗೆ ಸಹಾಯ, ಸ್ಕೌಟ್ ನಿಯಮಗಳ ಪಾಲನೆ. ಕೊರಳಿನ ಸ್ಕಾರ್ಫ್ ಬರೀ ಅಲಂಕಾರವಲ್ಲ. ಕೈ ಮುರಿದವರಿಗೆ ಅದೇ ಜೋಳಿಗೆಯ ಹಾಗೆ ಕಟ್ಟುವ ಬಟ್ಟೆ. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕೆಂಬುದೂ ಅವರ ಪದ್ಧತಿ. ಸ್ಕೌಟರ ಪಾಲಕ ಸಂತರು ನಮಗೆಲ್ಲ ಪರಿಚಿತರಾದ ಸಂತ ಜಾರ್ಜ್. ಏಪ್ರಿಲ್ 23 ಅವರ ಹಬ್ಬ.

ಇವೆಲ್ಲ ಕಣ್ಣಿಗೆ ಕಾಣುವ ಆಚಾರಗಳು. ಒಳಗಿನ ಗುಟ್ಟು ಪಟ್ರೋಲ್, ಅಂದರೆ ಆರರಿಂದ ಎಂಟು ಮಕ್ಕಳ ತಂಡ. ಅದಕ್ಕೆ ಮಕ್ಕಳಲ್ಲೇ ಒಬ್ಬ ನಾಯಕ, ಒಬ್ಬ ಉಪನಾಯಕ. ಸಾಮಾನು ನೋಡಿಕೊಳ್ಳುವವನು ಒಬ್ಬ, ಲೆಕ್ಕ ಬರೆಯುವವನು ಒಬ್ಬ, ಅಡುಗೆಗೆ ಒಬ್ಬ, ಪ್ರಥಮ ಚಿಕಿತ್ಸೆಗೆ ಒಬ್ಬ. ಸುಮ್ಮನೆ ನೋಡಿಕೊಂಡು ಕೂರಲು ಯಾರಿಗೂ ಜಾಗವಿಲ್ಲ. ಎಲ್ಲ ಪಟ್ರೋಲ್ ನಾಯಕರು ಸೇರಿ ಕೋರ್ಟ್ ಆಫ್ ಆನರ್ ಎಂಬ ಸಭೆ ನಡೆಸುತ್ತಾರೆ. ದಳದ ಮುಖ್ಯ ವಿಷಯಗಳು ತೀರ್ಮಾನವಾಗುವುದು ಅಲ್ಲಿ. ಸ್ಕೌಟ್ ಮಾಸ್ಟರ್ ಪಕ್ಕದಲ್ಲಿದ್ದು ಸಲಹೆ ಕೊಡುತ್ತಾರೆ.

ಬಿಎಸ್ಸಿಯಲ್ಲಿ ಜೀವಶಾಸ್ತ್ರ ಓದಿದ ನಮಗೆ ಇದು ಜೀವಕೋಶದ ಪಾಠದಂತೆ ಕಾಣುತ್ತದೆ. ಕೋಶ ತೀರಾ ದೊಡ್ಡದಾದರೆ ಆಹಾರ ನಡುವಿನವರೆಗೆ ಬೇಗ ತಲುಪುವುದಿಲ್ಲ. ಅದು ಎರಡಾಗುತ್ತದೆ, ಬದುಕುತ್ತದೆ. ಬೈಬಲ್ ಓದುವವರಿಗೆ ಇತ್ರೋ ನೆನಪಾಗಬಹುದು. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ಹೇಳುತ್ತ ಕುಳಿತಿದ್ದ ಅಳಿಯ ಮೋಶೆಯನ್ನು ನೋಡಿ, ಹೀಗಾದರೆ ನೀನೂ ಸೋಲುತ್ತೀಯ, ಜನರೂ ಸೋಲುತ್ತಾರೆ ಎಂದು ಎಚ್ಚರಿಸಿದವನು ಅವನು. ಹತ್ತು ಜನಕ್ಕೊಬ್ಬ ಮುಖಂಡನನ್ನು ನೇಮಿಸುವವರೆಗೂ ಅವನ ಸಲಹೆ ಹೋಯಿತು.

ದೇಶವೇ ಇಲ್ಲದಾಗ ಉಳಿದ ಬಳಗ

ಈ ಚಿಕ್ಕ ತಂಡದ ಶಕ್ತಿ ಎಷ್ಟು ಎಂದು ತಿಳಿಯಲು ನಾವು ಉಕ್ರೇನಿನ ಕಡೆ ನೋಡಬೇಕಾಯಿತು. ಅಲ್ಲಿನ ಸ್ಕೌಟ್ ಬಳಗದ ಹೆಸರು ಪ್ಲಾಸ್ಟ್. 1911ರಲ್ಲಿ ಲ್ವಿವ್ ನಗರದಲ್ಲಿ ಹುಟ್ಟಿತು. ಮೊದಲ ಪ್ರತಿಜ್ಞೆ ನಡೆದದ್ದು 1912ರ ಏಪ್ರಿಲ್ 12ರಂದು, ಒಂದು ಶಾಲೆಯಲ್ಲಿ. ಸ್ಥಾಪಕರಲ್ಲಿ ಮುಖ್ಯರಾದ ಒಲೆಕ್ಸಾಂದ್ರ್ ತಿಸೊವ್ಸ್ಕಿ ಜೀವಶಾಸ್ತ್ರದ ಮೇಷ್ಟ್ರು.

ಪ್ಲಾಸ್ಟಿನಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಚಿಕ್ಕ ಮಕ್ಕಳು, ಹದಿಹರೆಯದವರು, ಹದಿನೆಂಟು ದಾಟಿದ ಯುವಕರು, ಅದಾದ ಮೇಲೆ ಹಿರಿಯರು. ಹಿರಿಯರ ಮೆಟ್ಟಿಲಿಗೆ ಕೊನೆಯಿಲ್ಲ. ಕೂದಲು ನರೆತವರೂ ಸದಸ್ಯರೇ. ಹದಿನೆಂಟಾದ ಮೇಲೆ ಯುವಕರು ತಮಗೆ ಒಪ್ಪುವ ಒಂದು ಕುರಿನ್ ಸೇರುತ್ತಾರೆ. ಕುರಿನ್ ಅಂದರೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಒಕ್ಕೂಟ. ಪ್ರತಿ ಕುರಿನ್‌ಗೂ ತನ್ನದೇ ಹೆಸರು, ಬಣ್ಣ, ಹಾಡು. ಕಪ್ಪು ಸಮುದ್ರದ ಹೆಸರಿಟ್ಟುಕೊಂಡವರು ದೋಣಿ ನಡೆಸುವುದನ್ನು ಕಲಿಸುತ್ತಾರೆ. ಇನ್ನೊಂದು ಕುರಿನ್ ಹೆಸರು "ಕಾಡಿನ ದೆವ್ವಗಳು"! ಹೆಸರು ತಮಾಷೆಗೆ, ಪ್ರತಿಜ್ಞೆ ಮಾತ್ರ ದೇವರ ಹೆಸರಿನಲ್ಲೇ. ಪ್ಲಾಸ್ಟಿನ ಹದಿನಾಲ್ಕು ನಿಯಮಗಳಲ್ಲಿ ಮೊದಲನೆಯದು ಕೊಟ್ಟ ಮಾತು ಉಳಿಸಿಕೊಳ್ಳುವುದು.

ಆ ಮಾತಿಗೆ ಪರೀಕ್ಷೆ ಬೇಗ ಬಂತು. ಗ್ರೀಕ್ ಕಥೋಲಿಕ ಮಹಾಧರ್ಮಾಧ್ಯಕ್ಷ ಆಂದ್ರೇಯ್ ಶೆಪ್ತಿತ್ಸ್ಕಿ ಅವರು ಬೆಟ್ಟದ ನಡುವೆ ಶಿಬಿರಕ್ಕೆ ಜಾಗ ಕೊಟ್ಟಿದ್ದರು. ಆದರೆ 1930ರಲ್ಲಿ ಅಂದಿನ ಪೋಲೆಂಡ್ ಸರ್ಕಾರ ಪ್ಲಾಸ್ಟನ್ನು ಪೂರ್ತಿ ನಿಷೇಧಿಸಿತು. ಮುಂದೆ ಸೋವಿಯತ್ ಆಡಳಿತದಲ್ಲೂ ಅದಕ್ಕೆ ಜಾಗವಿರಲಿಲ್ಲ. ಕಟ್ಟಡ ಹೋಯಿತು, ಶಿಬಿರ ಹೋಯಿತು. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿ ಚದುರಿದ ಹುಡುಗ ಹುಡುಗಿಯರು ಮತ್ತೆ ತಂಡ ಕಟ್ಟಿದರು. ಅಲ್ಲಿಂದ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಿಗೆ ವಲಸೆ ಹೋದಾಗ ತಂಡವನ್ನೂ ಜೊತೆಗೆ ಒಯ್ದರು. 1990ರ ಆಸುಪಾಸಿನಲ್ಲಿ ಬಾಗಿಲು ತೆರೆದಾಗ ಪ್ಲಾಸ್ಟ್ ತನ್ನ ನೆಲಕ್ಕೆ ಮರಳಿತು. ಊರಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಿಂತದ್ದು ಹೊರಗೆ ಉಳಿದುಕೊಂಡಿತ್ತು.

ಇಂದು ಅಲ್ಲಿ ಯುದ್ಧ. ಪ್ಲಾಸ್ಟಿನ ಅನೇಕ ಯುವಕರು ಪ್ರಾಣ ಕಳೆದುಕೊಂಡಿದ್ದಾರೆ. ಆದರೂ ಆಗಮನ ಕಾಲದಲ್ಲಿ ಅವರು ಒಂದು ಕೆಲಸ ಬಿಟ್ಟಿಲ್ಲ. ಬೆತ್ಲೆಹೇಮಿನಲ್ಲಿ ಯೇಸು ಹುಟ್ಟಿದ ಗವಿಯ ದೀಪದಿಂದ ಹಚ್ಚಿದ ಶಾಂತಿಜ್ಯೋತಿ 1986ರಿಂದ ಆಸ್ಟ್ರಿಯಾದ ಮೂಲಕ ಯುರೋಪಿಗೆ ಬರುತ್ತದೆ. ಸ್ಕೌಟರು ಅದನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಪ್ಲಾಸ್ಟಿನ ಮಕ್ಕಳು ಪೋಲೆಂಡಿನ ಸ್ಕೌಟರಿಂದ ಪಡೆದು ಚರ್ಚು, ಆಸ್ಪತ್ರೆ, ಸೈನಿಕರವರೆಗೂ ಒಯ್ಯುತ್ತಾರೆ. ಒಮ್ಮೆ ಇವರನ್ನು ನಿಷೇಧಿಸಿದ ದೇಶದ ಮಕ್ಕಳ ಕೈಯಿಂದಲೇ ಈಗ ಬೆಳಕು ಬರುತ್ತಿದೆ. ಇದನ್ನು ಓದಿದಾಗ ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಮ್ಮಲ್ಲಿ ಏನು ಮಾಡೋಣ?

ನಮ್ಮನ್ನು ಯಾರೂ ನಿಷೇಧಿಸಿಲ್ಲ. ಆದರೂ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್ ಆಡುತ್ತ ಊರೂರಿಗೆ ಚದುರುವ ಬಳಗ ನಮ್ಮದು. ಅದು ಒಬ್ಬ ಗುರುಗಳ ಮೇಲೆ, ಒಂದು ಕೋಣೆಯ ಮೇಲೆ ನಿಂತರೆ ಬಹಳ ದಿನ ಬಾಳದು. ಸ್ಕೌಟ್ ದಳ ಶುರು ಮಾಡೋಣ ಎಂದು ನಾವು ಹೇಳುತ್ತಿಲ್ಲ. ಯೂನಿಫಾರ್ಮ್ ಹೊಲಿಸುವ ಖರ್ಚೂ ಬೇಡ. ಮೂರು ವಿಷಯ ಮಾತ್ರ ಎರವಲು ಪಡೆಯೋಣ.

ಒಂದು, ಬಳಗವನ್ನು ಆರೆಂಟು ಜನರ ತಂಡಗಳಾಗಿ ಮಾಡೋಣ. ಗಾಯನ, ಗೋದಲಿ, ರೋಗಿಗಳ ಭೇಟಿ, ಮಕ್ಕಳ ಧರ್ಮೋಪದೇಶ, ಹೀಗೆ ತಂಡಕ್ಕೊಂದು ಹೊಣೆ. ತಂಡದೊಳಗೆ ಪ್ರತಿಯೊಬ್ಬರಿಗೂ ಒಂದು ಕೆಲಸ.

ಎರಡು, ಮದುವೆಯಾದ ಒಬ್ಬ ಅಣ್ಣ ಅಥವಾ ಅಕ್ಕ ಪ್ರತಿ ತಂಡದಲ್ಲೂ ಇರಲಿ. ನಡೆಸಲು ಅಲ್ಲ, ಜೊತೆಗಿರಲು.

ಮೂರು, ಊರು ಬಿಟ್ಟವರ ಹೆಸರು ಅಳಿಸುವುದು ಬೇಡ. ಬೆಂಗಳೂರಿನಲ್ಲಿರುವವರಿಗೆ ಅವರ ತಂಡದವರು ವಾರಕ್ಕೊಮ್ಮೆ ಫೋನ್ ಮಾಡಲಿ. ಮಾಡುತ್ತೇವೆ ಎಂದ ಮೇಲೆ ಮಾಡಲೇಬೇಕು.

ಒಂದು ಎಚ್ಚರಿಕೆಯೂ ಬೇಕು. ಚಿಕ್ಕ ತಂಡ ಬಹುಬೇಗ ಗೆಳೆಯರ ಗುಂಪಾಗುತ್ತದೆ, ಹೊಸಬರು ಬಾಗಿಲಲ್ಲೇ ನಿಲ್ಲುತ್ತಾರೆ. ಆದ್ದರಿಂದ ಯಾರ ಜೊತೆ ಯಾರು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸೋಣ. ಕನ್ನಡ ಸರಿಯಾಗಿ ಬಾರದ ತಮ್ಮ ತಂಗಿಯರೂ ಪ್ರತಿ ತಂಡದಲ್ಲಿ ಇರಲಿ.

ಬರುವ ಭಾನುವಾರ ಬಲಿಪೂಜೆಯ ನಂತರ ಚೀಟಿಗಳು ಸಿದ್ಧವಾಗಿರುತ್ತವೆ. ಬಾರಲಾಗದವರು ಗುಂಪಿನಲ್ಲಿ ಹೆಸರು ಕಳುಹಿಸಿ, ನಿಮ್ಮ ಪರವಾಗಿ ನಾವು ಎತ್ತುತ್ತೇವೆ. ಶಿಫ್ಟ್ ಇದ್ದವರೂ ಕಳುಹಿಸಿ. ಮದುವೆಯಾದ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹೆಸರಿನ ಚೀಟಿಯನ್ನು ನಾವು ಈಗಾಗಲೇ ಬರೆದಿಟ್ಟಿದ್ದೇವೆ.