ಪೆರುವಿನ ಶೀಟು, ಅವ್ವನ ಗುಡ್ಡ

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ಕೇಳಿದವರಿಗೆಲ್ಲ "ರಿಲೀಸ್ ಇತ್ತು" ಅಂತ ಹೇಳಿ ತಪ್ಪಿಸಿಕೊಂಡಿದ್ದೇನೆ. ನಿಜ ಏನಪ್ಪಾ ಅಂದ್ರೆ, ಈ ಮೂರು ತಿಂಗಳು ನಾನು ಒಂದು ಎಕ್ಸೆಲ್ ಶೀಟು ತುಂಬುತ್ತಾ ಕೂತಿದ್ದೆ. ಆಫೀಸಿನದ್ದಲ್ಲ, ಪೆರು ದೇಶದ ಮಾಚು ಪಿಚುಗೆ ಹೋಗೋದಕ್ಕೆ!

ಟೀಮಿನ ಇಬ್ಬರು ಗೆಳೆಯರು, ನಾನು. ಅಲ್ಲಿಗೆ ಹೋಗೋದು ನಮ್ಮಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ಸಿಕ್ಕ ಬಸ್ಸು ಹತ್ತಿದ ಹಾಗಲ್ಲ. ಟಿಕೆಟ್ಟಿನ ಮೇಲೆ ಹೆಸರು, ಪಾಸ್‌ಪೋರ್ಟ್ ನಂಬರು, ಒಳಗೆ ಹೋಗುವ ಗಂಟೆ ಎಲ್ಲ ಇರಬೇಕು. 2024ರಿಂದ ಮೂರು ಸರ್ಕ್ಯೂಟು, ಹತ್ತು ದಾರಿ ಅಂತ ಮಾಡಿದ್ದಾರೆ, ಯಾವುದು ಅಂತ ಮೊದಲೇ ಆರಿಸಬೇಕು. ಇನ್ಕಾ ಟ್ರೇಲ್ ನಡೆದು ಹೋಗೋದಾದರೆ ದಿನಕ್ಕೆ 500 ಪರ್ಮಿಟ್ಟು ಮಾತ್ರ, ಗೈಡು, ಹಮಾಲರು ಎಲ್ಲ ಆ 500ರಲ್ಲೇ. ಫೆಬ್ರವರಿಯಲ್ಲಿ ಆ ದಾರಿ ಪೂರ್ತಿ ಬಂದ್. ಕುಸ್ಕೋ ಊರು 3,400 ಮೀಟರ್ ಎತ್ತರದಲ್ಲಿದೆ, ಅಲ್ಲಿ ಎರಡು ದಿನ ಸುಮ್ಮನೆ ಕೂತು ಮೈ ಒಗ್ಗಿಸಿಕೊಳ್ಳಬೇಕಂತೆ. ಇಷ್ಟೆಲ್ಲ ಮಾಡಿ ಹೊರಟರೆ ಮಾಚು ಪಿಚು ಇರೋದು ಅದಕ್ಕಿಂತ ಸುಮಾರು ಒಂದು ಸಾವಿರ ಮೀಟರ್ ಕೆಳಗೆ :)

ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮೂರು ಯಾದಗಿರಿ ತಾಲೂಕಿನ ರಾಮಸಮುದ್ರ. ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆಗೆದು ಕೂತಿದ್ದಾಗ ಅವ್ವ ಬಂದು ಹಿಂದೆ ನಿಂತಳು.

"ಏನದು?"

"ಗುಡ್ಡದ ಮ್ಯಾಲಿನ ಊರವ್ವಾ. ಐದುನೂರು ವರ್ಷದ್ದು. ಈಗ ಮಂದಿ ಇಲ್ಲ, ಬರೇ ಕಲ್ಲು."

ಸ್ವಲ್ಪ ಹೊತ್ತು ನೋಡಿದಳು. "ನಮ್ಮ ಹಂಪಿ ಹಂಗ ಅದ ಅಲ್ಲ" ಅಂದವಳು, ಒಳಗೆ ಹೋಗ್ತಾ ಹೋಗ್ತಾ, "ನಾ ಅದನ್ನೂ ನೋಡಿಲ್ಲ ಬಿಡು. ಹನುಮಪ್ಪನ ಹರಕಿ ಒಂದು ಹಂಗೇ ಉಳದದ" ಅಂದಳು.

ಹರಕೆ ಯಾರದ್ದು ಅಂತೀರಾ? ನನ್ನದೇ. ಇಂಜಿನಿಯರಿಂಗಿನಲ್ಲಿ ಎಂ-3 ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೂರನೇ ಸಲ ಪಾಸಾದರೆ ಅಂಜನಾದ್ರಿ ಹತ್ತಿ ಬರ್ತೀನಿ ಅಂತ ಅವ್ವ ಬೇಡಿಕೊಂಡಿದ್ದಳಂತೆ. ಪಾಸಾದೆ, ಕೆಲಸ ಸಿಕ್ತು, ಬೆಂಗಳೂರು ಸೇರಿದೆ. ಅವಳು ಕೇಳಲಿಲ್ಲ, ನಾನೂ ಕರೆದುಕೊಂಡು ಹೋಗಲಿಲ್ಲ. ಆನೆಗೊಂದಿ ಹತ್ತಿರದ ಅಂಜನಾದ್ರಿಗೆ 575 ಮೆಟ್ಟಿಲು. ಆಗ ಅವಳ ಮೊಣಕಾಲು ಚೆನ್ನಾಗಿದ್ದವು. ಈಗ ಎರಡು ವರ್ಷದಿಂದ ನೆಲಕ್ಕೆ ಕೂತರೆ ಗೋಡೆ ಹಿಡಿದು ಏಳ್ತಾಳೆ.

ಅವತ್ತು ರಾತ್ರಿ ಪೆರುವಿನ ಶೀಟನ್ನೇ ಕಾಪಿ ಮಾಡಿ "ಅವ್ವ" ಅಂತ ಹೆಸರಿಟ್ಟೆ.

ಅಂದ ಹಾಗೆ, ಈ ಎರಡು ಊರಿಗೂ ಒಂದು ಥರದ ನಂಟಿದೆ. 1509ರಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದಾಗ ಮಾಚು ಪಿಚುನಲ್ಲೂ ಮನೆಗಳಲ್ಲಿ ಒಲೆ ಉರಿಯುತ್ತಿತ್ತು. 1532ರಲ್ಲಿ ಸ್ಪೇನಿನವರು ಇನ್ಕಾ ದೊರೆಯನ್ನು ಸೆರೆ ಹಿಡಿದರು, 1565ರ ಯುದ್ಧದಲ್ಲಿ ಹಂಪಿಯ ಕಥೆ ಮುಗಿಯಿತು. ಆಮೇಲೆ 1900ರಲ್ಲಿ ಸಿವೆಲ್ ಸಾಹೇಬರು ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯ ಅಂತ ಕರೆದು ಪುಸ್ತಕ ಬರೆದರು, 1911ರಲ್ಲಿ ಬಿಂಗ್‌ಹ್ಯಾಮ್ ಮಾಚು ಪಿಚು "ಕಂಡುಹಿಡಿದ". ಅವನು ಹೋದಾಗ ಅಲ್ಲಿ ರೈತರು ಹಳೇ ಮೆಟ್ಟಿಲುಗದ್ದೆಗಳಲ್ಲಿ ಬೆಳೆ ತೆಗೀತಿದ್ದರು. ಹಂಪಿಯಲ್ಲಂತೂ ವಿರೂಪಾಕ್ಷನಿಗೆ ಪೂಜೆ ನಡೀತಾನೇ ಇತ್ತು. ಮರೆತವರು ಯಾರೋ ಗೊತ್ತಿಲ್ಲಪ್ಪ.

ಇರಲಿ, ಶೀಟಿಗೆ ಬರೋಣ. ಮೊದಲ ಕಾಲಮ್ಮು ತಾರೀಖು. ನವೆಂಬರಿನಲ್ಲಿ ಹತ್ತಿ, ಡಿಸೆಂಬರ್ ಕೊನೆಗೆ ತೊಗರಿ. ಸಂಕ್ರಾಂತಿಗೆ ಮೈಲಾಪುರ ಮಲ್ಲಯ್ಯನ ಜಾತ್ರೆ, ಅದನ್ನ ಅವ್ವ ಬಿಡೋದಿಲ್ಲ. ಹಂಪಿ ಉತ್ಸವದ ಗದ್ದಲದಲ್ಲಿ ರೂಮು ಸಿಗೋಲ್ಲ, ಆದರೆ ಅದರ ತಾರೀಖು ಹಿಡಿಯೋದೇ ಕಷ್ಟ. 2023ರಲ್ಲಿ ಜನವರಿ ಕೊನೆಗೆ, 2024ರಲ್ಲಿ ಫೆಬ್ರವರಿ ಮೊದಲಿಗೆ, 2025ರಲ್ಲಿ ಫೆಬ್ರವರಿ ಕೊನೆಗೆ ಮಾಡಿದರು. ಶನಿವಾರ ಹನುಮಪ್ಪನ ವಾರ, ಜನ ಜಾಸ್ತಿ. ಮಾರ್ಚ್ ಬಂದರೆ ನಮ್ಮ ಕಡೆ ಬಿಸಿಲು ಗೊತ್ತಲ್ಲ. ಎಲ್ಲ ಕಳೆದು ಉಳಿದದ್ದು ಫೆಬ್ರವರಿಯ ಒಂದು ಬುಧವಾರ.

ಆಮೇಲೆ ರೈಲು. ಯಾದಗಿರಿಯಿಂದ ಗುಂತಕಲ್, ಅಲ್ಲಿ ಇಳಿದು ಇನ್ನೊಂದು ರೈಲು ಹತ್ತಿ ಹೊಸಪೇಟೆ. 2024ರ ನವೆಂಬರಿನಿಂದ 60 ದಿನ ಮೊದಲಷ್ಟೇ ಬುಕಿಂಗು. ಅವ್ವನಿಗೆ ಲೋವರ್ ಬರ್ತ್ ಬೇಕೇ ಬೇಕು. 45 ದಾಟಿದ ಹೆಂಗಸರಿಗೆ ಅದರದ್ದೇ ಕೋಟಾ ಇದೆ, ಆದರೆ ಅದೇ ಟಿಕೆಟ್ಟಿನಲ್ಲಿ ಮಗನನ್ನೂ ಸೇರಿಸಿದರೆ ಇಲ್ಲ! ಅಂದರೆ ಅವ್ವನಿಗೊಂದು ಟಿಕೆಟ್ಟು, ನನಗೊಂದು. ಗುಂತಕಲ್ಲಿನಲ್ಲಿ ಅಪರಾತ್ರಿ ಬ್ಯಾಗು ಹಿಡಿದು ಫೂಟ್‌ಬ್ರಿಡ್ಜ್ ಹತ್ತಿ ಇಳಿಯೋದು ಬೇರೆ. ಇದನ್ನೆಲ್ಲ ಫೋನಿನಲ್ಲಿ ವಿವರಿಸಿದರೆ ಅವ್ವ, "ಹೆಣ್ಣಮಕ್ಕಳಿಗಿ ಬಸ್ಸು ಪುಕ್ಕಟ ಅದ. ನೀ ರೈಲಿಗಿ ಯಾಕ್ ರೊಕ್ಕ ಸುರೀತಿ?" ಅಂದಳು. ರಾಯಚೂರು, ಸಿಂಧನೂರು, ಗಂಗಾವತಿ. ಆಧಾರ್ ಕಾರ್ಡು ಒಂದಿದ್ದರೆ ಸಾಕು. ಅಲ್ಲಿಗೆ ಆ ಕಾಲಮ್ಮು ಮುಗೀತು.

ಉಳಿದದ್ದು ಗುಡ್ಡ. ಡಿಸೆಂಬರಿನಲ್ಲಿ ಮತ್ತೆ ಊರಿಗೆ ಹೋದಾಗ, ಒಂದು ಟ್ರಯಲ್ ಮಾಡೋಣ ಅಂತ ಅವ್ವನನ್ನ ಯಾದಗಿರಿ ಕೋಟೆಗೆ ಕರೆದುಕೊಂಡು ಹೋದೆ. ದಿನಾ ಕಣ್ಣಿಗೆ ಬೀಳೋ ಗುಡ್ಡ, ನಾನೇ ಹತ್ತಿ ಹತ್ತು ವರ್ಷ ಆಗಿತ್ತು. ಕಲ್ಲಿನ ಮೆಟ್ಟಿಲು, ಒಂದೊಂದು ಒಂದೊಂದು ಎತ್ತರ. ಸ್ವಲ್ಪ ದೂರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜೋರಾಗಿಯೇ ಹತ್ತಿದಳು. ಮೊದಲನೇ ಬಾಗಿಲು ದಾಟಿದ ಮೇಲೆ ಒಂದು ಬಂಡೆ ಮೇಲೆ ಕೂತಳು.

"ನೀ ಹೋಗಿ ನೋಡ್ಕೊಂಡ್ ಬಾ. ನಾ ಇಲ್ಲೇ ಕುಂತಿರ್ತೀನಿ."

ನಾನು ಹೋಗಲಿಲ್ಲ. ಕೆಳಗೆ ಊರು, ಬಸ್ಸಿನ ಹಾರ್ನು. ಎರಡೂ ಕೈಯಲ್ಲಿ ಮೊಣಕಾಲು ಒತ್ತಿಕೊಳ್ತಿದ್ದಳು, ನಾನು ನೋಡಿದ ಕೂಡಲೇ ಕೈ ತೆಗೆದಳು. ಇಳಿಯುವಾಗ ನನ್ನ ಹೆಗಲು ಹಿಡಿದಿದ್ದಳು. ಆ ಹಿಡಿತದ ಬಿಗಿ ನೋಡಿದ ಮೇಲೆ ಗೊತ್ತಾಯ್ತು, ಫೋನಿನಲ್ಲಿ "ಆರಾಮ್ ಇದೀನಿ" ಅಂತ ಹೇಳುತ್ತಿದ್ದುದು ಎಷ್ಟು ಸುಳ್ಳು ಅಂತ.

ಮರುದಿನವೇ ರಾಯಚೂರಿಗೆ ಹೋಗಿ ಎಕ್ಸ್-ರೇ ತೆಗೆಸಿದ್ದಾಯ್ತು. ಇವತ್ತಲ್ಲ ನಾಳೆ ಆಪರೇಷನ್ ಬೇಕು, ಬೇಗ ಆದಷ್ಟೂ ಒಳ್ಳೇದು ಅಂದರು ಡಾಕ್ಟರು. ಪೆರು ಗುಂಪಿಗೆ ನಾನು ಕಟ್ಟಬೇಕಿದ್ದ ದುಡ್ಡೂ ಇದರ ಖರ್ಚೂ ಹೆಚ್ಚು ಕಡಿಮೆ ಒಂದೇ. ಡಿಸೆಂಬರ್ ಕೊನೆಗೆ ಗಡುವಿತ್ತು, ಕಟ್ಟಲಿಲ್ಲ. ತ್ಯಾಗ ಗೀಗ ಅಂತ ದಯವಿಟ್ಟು ಯಾರೂ ಕಾಮೆಂಟು ಹಾಕಬೇಡಿ. ಹೊಟ್ಟೆ ಉರೀತಿದೆ. ಈಗಲೂ ರಾತ್ರಿ ಒಮ್ಮೊಮ್ಮೆ ಆ ಸೈಟು ತೆಗೆದು ಮೇ ತಿಂಗಳ ಸ್ಲಾಟು ಎಷ್ಟು ಖಾಲಿ ಇವೆ ಅಂತ ನೋಡ್ತೀನಿ.

ನನ್ನ ಲೆಕ್ಕ ಸರಳ ಇತ್ತು: ಮೊದಲು ಆಪರೇಷನ್, ಗುಡ್ಡ ಮುಂದಿನ ವರ್ಷ. ಅವ್ವ ಒಪ್ಪಲಿಲ್ಲ.

"ಕೊಯ್ಸಿಕೊಂಡ ಮ್ಯಾಲ ಹತ್ಲಿಕ್ಕಿ ಬರ್ತದಂತ ಯಾರರ ಬರದು ಕೊಡ್ತಾರೇನು?"

ಡಾಕ್ಟರನ್ನ ಕೇಳಿದೆ. ಅವರೂ ಬರೆದು ಕೊಡಲಿಲ್ಲ. ನಿಧಾನಕ್ಕೆ, ಕೂತು ಕೂತು ಹತ್ತಲಿ ಅಂದರು, ಅಷ್ಟೇ.

ಹಾಗಾಗಿ ಹೊರಟಿದ್ದೇವೆ. ಅಪ್ಪ ಬರೋಲ್ಲ, ಎಮ್ಮೆ ಯಾರು ನೋಡ್ತಾರೆ ಅಂತಾರೆ. ಮೂರು ತಿಂಗಳ ಪ್ಲಾನಿಂಗಿನಲ್ಲಿ ನಾನು ನಿಜವಾಗಿ ಬುಕ್ ಮಾಡಿದ್ದು ಗಂಗಾವತಿಯಲ್ಲಿ ಒಂದು ರೂಮು ಮಾತ್ರ. ಕೆಳಗಿನ ಮಹಡಿ, ಕುರ್ಚಿ ಥರದ ಕಮೋಡು, ಎರಡೆರಡು ಸಲ ಫೋನ್ ಮಾಡಿ ಕೇಳಿ ಖಾತ್ರಿ ಮಾಡಿಕೊಂಡೆ. ಬುಧವಾರ ಬೆಳಗ್ಗೆ ಆರಕ್ಕೆ ಆಟೋ. ಅಂಜನಾದ್ರಿಗೆ ನಾಲ್ಕು ತಾಸು ಇಟ್ಟಿದ್ದೆ, ಆಮೇಲೆ ಕಡೆಬಾಗಿಲು ಸೇತುವೆ ದಾಟಿ ವಿರೂಪಾಕ್ಷ, ಸಂಜೆಗೆ ವಿಠ್ಠಲ ದೇವಸ್ಥಾನ. ಓದಿ ಹೇಳಿದೆ.

"ಅವತ್ತು ಮತ್ತೇನೂ ಇಟ್ಕೋಬ್ಯಾಡ" ಅಂದಳು. "ಐವತ್ತು ಮೆಟ್ಟಲ ಹತ್ತೂದು, ಕುಂಡ್ರೂದು. ಹತ್ತಿ ಬಿಡಿಸ್ಲಿಕ್ಕಿ ಸಾಲು ಹಿಡದಂಗ. ಕತ್ತಲಾದ್ರ ಆಗ್ಲಿ."

ವಿರೂಪಾಕ್ಷ, ವಿಠ್ಠಲ ಎರಡನ್ನೂ ಗುರುವಾರಕ್ಕೆ ತಳ್ಳಿದೆ. ಬುಧವಾರದ ಕೆಳಗೆ ಈಗ ಒಂದೇ ಸಾಲಿದೆ. ನಿಮ್ಮಲ್ಲಿ ಯಾರಾದರೂ ಇತ್ತೀಚೆಗೆ ಅಂಜನಾದ್ರಿ ಹತ್ತಿದ್ದರೆ, ದಾರಿಯಲ್ಲಿ ಎಷ್ಟೆಷ್ಟು ಮೆಟ್ಟಿಲಿಗೆ ನೆರಳಿದೆ, ಕೂರೋಕೆ ಎಲ್ಲೆಲ್ಲಿ ಜಾಗ ಇದೆ ಅಂತ ತಿಳಿಸ್ತೀರಾ? ಶೀಟಿನಲ್ಲಿ ಆ ಕಾಲಮ್ಮು ಇನ್ನೂ ಖಾಲಿ ಇದೆ.