ಮೊದಲ ಭೇಟಿಗೆ ಮೈಸೂರು

ಹೆಣ್ಣು ನೋಡುವುದೆಂದರೆ ನಮ್ಮ ತಾಳವಾಡಿ ಕಡೆ ಇಂದಿಗೂ ಒಂದು ಸಣ್ಣ ಹಬ್ಬ. ವ್ಯಾನಿನ ತುಂಬ ಬಂಧುಗಳು ಬರುತ್ತಾರೆ. ಜಗಲಿಯಲ್ಲಿ ಜಮಖಾನ ಹಾಸುತ್ತೇವೆ. ಕೇಸರಿಬಾತು, ಬೋಂಡ, ಕಾಫಿ ಆಗುತ್ತದೆ. ಹುಡುಗಿ ತಟ್ಟೆ ಹಿಡಿದು ಬಂದು, ಎಲ್ಲರಿಗೂ ನಮಸ್ಕರಿಸಿ ಒಳಗೆ ಹೋಗುತ್ತಾಳೆ. ಹುಡುಗ ತಲೆಯೆತ್ತಿ ನೋಡಿದನೋ ಇಲ್ಲವೋ, ಅಷ್ಟರಲ್ಲಿ ಯಾರೋ ಹಿರಿಯರು "ಏನಪ್ಪಾ, ಒಪ್ಪಿಗೇನಾ?" ಎಂದು ಕೇಳಿಬಿಡುತ್ತಾರೆ. ಇಪ್ಪತ್ತು ಜನರ ಎದುರಿಗೆ "ಇಲ್ಲ" ಎನ್ನುವ ಧೈರ್ಯ ಯಾರಿಗಿದೆ?

ನಾವಿಬ್ಬರೂ ಹಾಗೆಯೇ ಮದುವೆಯಾದವರು. ದೇವರ ದಯೆಯಿಂದ ನಮ್ಮ ಬಾಳು ಚೆನ್ನಾಗಿಯೇ ಸಾಗಿದೆ. ಆದರೆ ಅದೇ ಜಗಲಿಯಲ್ಲಿ, ಅದೇ ಪ್ರಶ್ನೆಗೆ ತಲೆಯಾಡಿಸಿದ ನಮ್ಮ ಮನೆಯ ಇನ್ನೊಬ್ಬ ಹೆಣ್ಣುಮಗಳು ಮೂರೇ ವರ್ಷಕ್ಕೆ ತವರಿಗೆ ಮರಳಿದಳು. "ಮೊದಲೇ ಒಂದು ಗಂಟೆ ಕೂತು ಮಾತಾಡಿದ್ದಿದ್ದರೆ ನನಗೆ ಗೊತ್ತಾಗ್ತಿತ್ತು" ಎಂದು ಅವಳು ಒಮ್ಮೆ ಹೇಳಿದ ಮಾತು ನಮ್ಮ ಮನಸ್ಸಿನಿಂದ ಹೋಗಿಲ್ಲ.

ಹಾಗಾಗಿ 2024ರಲ್ಲಿ ಅಣ್ಣನ ಮಗಳಿಗೆ ಮೈಸೂರಿನಲ್ಲಿ ಕೆಲಸದಲ್ಲಿರುವ ಹುಡುಗನ ಸಂಬಂಧ ಬಂದಾಗ, ಜಮಖಾನ ಹಾಸುವುದಕ್ಕೆ ಮೊದಲು ಇಬ್ಬರೂ ಹೊರಗೆಲ್ಲಾದರೂ ಭೇಟಿಯಾಗಲಿ ಎಂದು ನಾವು ಹೇಳಿದೆವು. ಅಣ್ಣ ಯೋಚಿಸಿ ಒಪ್ಪಿದರು. "ಆದರೆ ಜೊತೆಗೆ ನೀವಿರಬೇಕು" ಎಂದರು. ಹುಡುಗಿ ನಕ್ಕಳು. "ಚಿಕ್ಕಮ್ಮ, ಇದಕ್ಕೆ ಈಗ ಡೇಟ್ ಅಂತಾರೆ. ಡೇಟಿಗೆ ಚಿಕ್ಕಪ್ಪ ಚಿಕ್ಕಮ್ಮ ಬರೋದು ಬಹುಶಃ ನಮ್ಮಲ್ಲೇ ಮೊದಲು!"

ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ನಮ್ಮ ಮನೆಮಾತು ಕನ್ನಡ. ನಟ ರಾಜ್‌ಕುಮಾರ್ ಅವರ ಗಾಜನೂರು ಇಲ್ಲೇ ಪಕ್ಕದಲ್ಲಿದೆ. ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ದಾಟಬೇಕು. ಮೈಸೂರಿಗಾದರೆ ಚಾಮರಾಜನಗರ, ನಂಜನಗೂಡಿನ ಮೇಲೆ ಬಯಲು ರಸ್ತೆ. ಮದುವೆ ಸೀರೆಗೂ ಆಸ್ಪತ್ರೆಗೂ ನಾವು ಹತ್ತುವುದು ಆ ಕಡೆಯ ಬಸ್ಸನ್ನೇ.

ಎಲ್ಲಿ ಭೇಟಿಯಾಗುವುದು ಎಂಬ ಪ್ರಶ್ನೆ ಬಂತು. ಹುಡುಗ ಫೋನಿನಲ್ಲಿ ಮೂರು ಜಾಗ ಹೇಳಿದ್ದ. ಮೊದಲನೆಯದು ಸಿನಿಮಾ. ಮೂರು ಗಂಟೆ ಕತ್ತಲಲ್ಲಿ ಪರದೆ ನೋಡಿದರೆ ನಾಯಕನ ಪರಿಚಯವಾದೀತು, ಹುಡುಗನದ್ದಲ್ಲ. ಎರಡನೆಯದು ಬೃಂದಾವನ. ಅದು ಊರಿನಿಂದ ಸುಮಾರು 20 ಕಿ.ಮೀ. ದೂರ, ಕಾರಂಜಿ ಕುಣಿಯುವುದು ಕತ್ತಲಾದ ಮೇಲೆ, ನಮಗೆ ಹಿಂದಿರುಗುವ ಚಿಂತೆ. ಮೂರನೆಯದು ಚಾಮುಂಡಿ ಬೆಟ್ಟದ ಮೆಟ್ಟಿಲು. ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವುದೋ, ಮಾತಾಡುವುದೋ? ಕೊನೆಗೆ ಎಲ್ಲರಿಗೂ ಗೊತ್ತಿರುವ ಜಾಗದಿಂದಲೇ ಶುರು ಮಾಡೋಣವೆಂದು ಸಂತ ಫಿಲೋಮಿನಾ ದೇವಾಲಯದ ಬಾಗಿಲು ಎಂದು ತೀರ್ಮಾನಿಸಿದೆವು.

ಆ ಶನಿವಾರ ನಾವು ತಲುಪುವಷ್ಟರಲ್ಲಿ ಹುಡುಗ ಅಲ್ಲಿ ನಿಂತಿದ್ದ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ದೇವಾಲಯವಿದು. 175 ಅಡಿ ಎತ್ತರದ ಜೋಡಿ ಗೋಪುರಗಳು ಜರ್ಮನಿಯ ಕಲೋನ್ ನಗರದ ಪ್ರಧಾನಾಲಯವನ್ನು ನೆನಪಿಸುತ್ತವೆ. ಒಳಗೆ ಹೋಗಿ ಪ್ರಾರ್ಥಿಸಿ, ನೆಲಮಾಳಿಗೆಗೆ ಇಳಿದು ಸಂತಳ ಪ್ರತಿಮೆ ನೋಡಿ ಬಂದೆವು. ಇಲ್ಲಿ ನಾವು ಯೋಚಿಸದೇ ಇದ್ದ ಒಂದು ಅನುಕೂಲವಾಯಿತು. ದೇವಾಲಯದೊಳಗೆ ಮಾತಾಡುವಂತಿಲ್ಲ. ಹಾಗಾಗಿ ಮೊದಲ ಹತ್ತು ನಿಮಿಷ "ಏನಾದರೂ ಮಾತಾಡಬೇಕಲ್ಲ" ಎಂಬ ಸಂಕಟ ಇಬ್ಬರಿಗೂ ತಪ್ಪಿತು. ಹೊರಗೆ ಬರುವಾಗ ಮುಖಗಳು ಸಡಿಲವಾಗಿದ್ದವು.

ಅಲ್ಲಿಂದ ಆಟೋದಲ್ಲಿ ಜಗನ್ಮೋಹನ ಅರಮನೆ. 1861ರಲ್ಲಿ ಕಟ್ಟಿದ ಈ ಅರಮನೆಯಲ್ಲಿ ಈಗ ಚಿತ್ರಶಾಲೆಯಿದೆ. ಪರಿಚಯವಿಲ್ಲದ ಇಬ್ಬರಿಗೆ ಚಿತ್ರಶಾಲೆಯಷ್ಟು ಒಳ್ಳೆಯ ಜಾಗ ಕಡಿಮೆ ಎಂದು ನಮಗನ್ನಿಸಿತು. ಒಬ್ಬರ ಮುಖವನ್ನೊಬ್ಬರು ನೋಡುತ್ತಾ ಕೂರಬೇಕಿಲ್ಲ, ಇಬ್ಬರೂ ಒಂದೇ ಚಿತ್ರವನ್ನು ನೋಡಿದರಾಯಿತು. ಕೈಯಲ್ಲಿ ದೀಪ ಹಿಡಿದ ಹೆಣ್ಣಿನ ಪ್ರಸಿದ್ಧ ಚಿತ್ರದ ಮುಂದೆ ಹುಡುಗ "ಇದು ರವಿವರ್ಮನದು" ಎಂದ. ನಮ್ಮ ಹುಡುಗಿ "ಅಲ್ಲ, ಹಳದಣಕರ್ ಅವರದು" ಎಂದಳು. ನಿಜ. ರವಿವರ್ಮನದೆಂದು ಬಹಳ ಜನ ತಿಳಿದಿರುವ ಆ ಜಲವರ್ಣ ಚಿತ್ರ ಬರೆದವರು ಎಸ್.ಎಲ್. ಹಳದಣಕರ್. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಹುಡುಗ ಸಿಟ್ಟಾಗಲಿಲ್ಲ. "ಇಷ್ಟು ದಿನ ತಪ್ಪು ತಿಳಿದಿದ್ದೆ" ಎಂದು ನಕ್ಕ. ಹೆಂಡತಿಯಾಗಬಹುದಾದವಳು ತಿದ್ದಿದಾಗ ಗಂಡಸು ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಜಗಲಿಯ ಮೇಲೆ ಎಂದಿಗೂ ತಿಳಿಯದು.

ಮಧ್ಯಾಹ್ನ ಒಂದು ಸಾಧಾರಣ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ಹೆಸರಾಂತ ದೋಸೆ ಹೋಟೆಲುಗಳಲ್ಲಿ ರುಚಿಯೇನೋ ಸರಿ, ಆದರೆ ಪಕ್ಕದಲ್ಲಿ ಜಾಗಕ್ಕಾಗಿ ಕಾಯುವವರು ನಿಂತಿರುವಾಗ ಮನಸ್ಸು ಬಿಚ್ಚಿ ಮಾತಾಡಲಾಗದು. ಬಿಲ್ಲು ಬಂದಾಗ ಹುಡುಗ ಜೇಬಿಗೆ ಕೈ ಹಾಕಿದ. ಹುಡುಗಿ "ಅರ್ಧ ನನ್ನದು" ಎಂದು ತಾನೂ ಹಣವಿಟ್ಟಳು. ನಮಗೆ ಮುಜುಗರವಾಯಿತು. ಆಮೇಲೆ ಅರ್ಥವಾಯಿತು, ಯಾರ ಋಣವೂ ಇಲ್ಲದಿದ್ದರೆ "ಬೇಡ" ಎನ್ನುವುದೂ ಸುಲಭ.

ನಂತರ ಕಾರಂಜಿ ಕೆರೆ. ಮೃಗಾಲಯದವರೇ ನೋಡಿಕೊಳ್ಳುವ ಈ ಕೆರೆಗೆ ಪ್ರವೇಶ ಶುಲ್ಕವುಂಟು. ಮಂಗಳವಾರ ಮೃಗಾಲಯದಂತೆ ಇಲ್ಲಿಯೂ ರಜೆ. ಮರಗಳ ನೆರಳಿನಲ್ಲಿ ನಡೆದಾಡುವ ದಾರಿ, ಅಲ್ಲಲ್ಲಿ ಕಲ್ಲುಬೆಂಚು, ಒಳಗೆ ನಡೆದು ನೋಡಬಹುದಾದ ದೊಡ್ಡ ಪಕ್ಷಿಗೃಹ, ಅದರಲ್ಲಿ ನವಿಲುಗಳು. ಮಾತು ನಿಂತರೆ ತೋರಿಸಲು ಒಂದು ಕೊಕ್ಕರೆಯಾದರೂ ಸಿಗುತ್ತದೆ. ದೋಣಿ ಹತ್ತುವುದು ಬೇಡ ಎಂದೆವು. ಹತ್ತಿದ ಮೇಲೆ ದಡ ಸೇರುವವರೆಗೆ ಇಳಿಯುವಂತಿಲ್ಲ. ಮೊದಲ ಭೇಟಿಯಲ್ಲಿ ಬೇಕೆಂದಾಗ ಎದ್ದು ಹೊರಡುವ ದಾರಿ ಇರಬೇಕು. ನಾವಿಬ್ಬರೂ ದೂರದ ಬೆಂಚಿನಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೂತೆವು. ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬಾರದು, ಅಷ್ಟು ದೂರ.

ಹಿಂದಿರುಗುವಾಗ ಬಸ್ಸಿನಲ್ಲಿ ನಾವು ಏನೂ ಕೇಳಲಿಲ್ಲ. ನಂಜನಗೂಡು ದಾಟಿದ ಮೇಲೆ ಅವಳೇ ಹೇಳಿದಳು. ಹುಡುಗ ಎಲ್ಲವನ್ನೂ ನೇರವಾಗಿ ತಿಳಿಸಿದ್ದ. ಅವನಿಗೆ ಇನ್ನೊಂದು ವರ್ಷದಲ್ಲಿ ಗಲ್ಫಿಗೆ ಹೋಗುವ ಆಸೆ. ಹೆಂಡತಿ ಊರಿನಲ್ಲಿ ತಂದೆತಾಯಿಯರ ಜೊತೆಗಿರಬೇಕು. ನಮ್ಮ ಹುಡುಗಿ ನರ್ಸಿಂಗ್ ಓದಿ ಈಗಷ್ಟೇ ಕೆಲಸಕ್ಕೆ ಸೇರಿದವಳು, ಬಿಡಲು ಮನಸ್ಸಿಲ್ಲ. ಮತ್ತೊಮ್ಮೆ ಮಾತಾಡಿ ನೋಡೋಣವೆಂದು ಇಬ್ಬರೂ ಒಪ್ಪಿದ್ದರು.

ಎರಡನೆಯ ಭೇಟಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆಯಿದು. ಕುವೆಂಪು ಅವರು ನಡೆದಾಡುತ್ತಿದ್ದ ಜಾಗ. ಬೆಳಗಿನ ಹೊತ್ತು ವಾಕಿಂಗ್ ಬರುವ ಹಿರಿಯರು, ಓದುವ ಹುಡುಗರು ಸುತ್ತಮುತ್ತ ಇರುತ್ತಾರೆ. ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ಒಂದು ಸುತ್ತು ಮುಗಿಯುವಷ್ಟರಲ್ಲಿ ಒಂದು ಗಂಟೆಯ ಮಾತಾಗಿರುತ್ತದೆ. ಆ ಒಂದು ಸುತ್ತಿನಲ್ಲಿ ಇಬ್ಬರೂ ಸೇರಿಯೇ ಬೇಡವೆಂದು ತೀರ್ಮಾನಿಸಿದರು.

"ಒಳ್ಳೆಯವರೇ ಚಿಕ್ಕಪ್ಪ. ಆದರೆ ಅವರ ದಾರಿ ಬೇರೆ, ನನ್ನ ದಾರಿ ಬೇರೆ" ಎಂದಳು. ನಮಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಹುಡುಗ ನಮಗೆ ಇಷ್ಟವಾಗಿದ್ದ. ಆದರೆ ಯಾರ ಮುಖವೂ ಸಣ್ಣದಾಗಲಿಲ್ಲ. ಹುಡುಗನ ತಾಯಿಯೇ ಫೋನು ಮಾಡಿ, "ಮದುವೆಯಾದ ಮೇಲೆ ಗೊತ್ತಾಗಿದ್ದರೆ ಎಷ್ಟು ಕಷ್ಟವಿತ್ತು, ಅಲ್ಲವಾ?" ಎಂದರು. ಎರಡು ಬಸ್ ಪ್ರಯಾಣ, ಎರಡು ದೋಸೆ, ಒಂದಿಷ್ಟು ಟಿಕೆಟ್ಟು. ಇಷ್ಟರಲ್ಲಿ ಎರಡು ಜೀವಗಳ ಮುಂದಿನ ನೋವು ತಪ್ಪಿತು.

ಪ್ರಿಯ ಓದುಗರೇ, ವಿವಾಹದ ದಿನ ಗುರುಗಳು ವಧೂವರರನ್ನು ಮೊದಲು ಕೇಳುವುದೇ, ಯಾರ ಒತ್ತಾಯವೂ ಇಲ್ಲದೆ ಬಂದಿದ್ದೀರಾ ಎಂದು. ಬಲಿಪೀಠದ ಮುಂದೆ ಆ ಉತ್ತರ ನಿಜವಾಗಿರಬೇಕಾದರೆ, ಅದಕ್ಕೆ ಬಹಳ ಮುಂಚೆಯೇ ಮಕ್ಕಳು ಅದನ್ನು ತಮ್ಮೊಳಗೆ ಕೇಳಿಕೊಳ್ಳಲು ಒಂದಿಷ್ಟು ನೆರಳು, ಒಂದಿಷ್ಟು ಹೊತ್ತು ಬೇಕು. ಮೈಸೂರೇ ಆಗಬೇಕೆಂದಿಲ್ಲ. ನಿಮಗೆ ಹತ್ತಿರದ ಊರಿನಲ್ಲೂ ಒಂದು ಕೆರೆ, ಒಂದು ಉದ್ಯಾನ ಇದ್ದೇ ಇರುತ್ತದೆ. ಹಗಲು ಹೊತ್ತಿರಲಿ, ಜನ ಓಡಾಡುವ ಜಾಗವಿರಲಿ, ಮನೆಯವರಿಗೆ ತಿಳಿದಿರಲಿ, ಖರ್ಚು ಕಡಿಮೆಯಿರಲಿ. ಜೊತೆಗೆ ಹೋಗುವುದಾದರೆ ದೂರದ ಬೆಂಚು ಹುಡುಕಿಕೊಳ್ಳಿ, ಹಿಂದಿರುಗುವಾಗ ಏನನ್ನೂ ಕೇಳಬೇಡಿ.

ಈಚೆಗೆ ಹುಡುಗಿಗೆ ಇನ್ನೊಂದು ಸಂಬಂಧ ಬಂದಿದೆ. ಅಣ್ಣ ಈ ಸಲ ಜಮಖಾನದ ಮಾತೆತ್ತಲಿಲ್ಲ. "ಕಾರಂಜಿ ಕೆರೆಗೆ ರಜೆ ಮಂಗಳವಾರ ಅಲ್ಲವಾ?" ಎಂದಷ್ಟೇ ಕೇಳಿದರು.